ಆ ಬಿಸಿನೀರು ಯಾತಕ್ಕೆ ಬೇಕಾಗಿತ್ತು?

ಮಾನ್ಯ ಶುಶ್ರೂಷಾ ಅಧೀಕ್ಷಕರೇ,

ನಿಮ್ಮ ಆಸ್ಪತ್ರೆಯಲ್ಲಿ ನನ್ನ ಅಕ್ಕನ ಹೃದಯ ನಿಂತಾಗ ನಿಮ್ಮ ಸಿಸ್ಟರ್ ಒಬ್ಬರು ಅವಳ ಗಂಡನನ್ನು ಬಿಸಿನೀರು ತರಲು ಕಳಿಸಿದರು. ಅವರು ತಂದರು. ಅಷ್ಟರಲ್ಲಿ ಅಕ್ಕ ಹೋಗಿಬಿಟ್ಟಿದ್ದಳು. ಆ ಬಿಸಿನೀರು ಯಾತಕ್ಕೆ ಬೇಕಾಗಿತ್ತು? ಉತ್ತರ ನನಗೆ ಗೊತ್ತಿದೆ, ನಿಮಗೆ ಗೊತ್ತಿದೆ, ನಿಮ್ಮ ವಾರ್ಡಿನ ಗೋಡೆಯ ಮೇಲಿನ ಹಲ್ಲಿಗೂ ಗೊತ್ತಿದೆ. ಗೊತ್ತಿಲ್ಲದಿರುವುದು ನನ್ನ ಭಾವನಿಗೆ ಮಾತ್ರ. ಆದ್ದರಿಂದಲೇ ಈ ಪತ್ರವನ್ನು ಲಕೋಟೆಯೊಳಗೆ ಹಾಕದೆ ಊರೆಲ್ಲ ಓದುವಂತೆ ಪತ್ರಿಕೆಯಲ್ಲಿ ಹಾಕುತ್ತಿದ್ದೇನೆ. ಲಕೋಟೆಯಲ್ಲಿ ಬಂದ ಪತ್ರಗಳಿಗೆ ನಿಮ್ಮ ಕಚೇರಿಯಲ್ಲಿ ಸಿಗುವ ಮರ್ಯಾದೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದರ ಮೇಲೆ ನಿಮ್ಮ ಟೀ ಲೋಟ ಕೂತಿತ್ತು.

ಈ ಅಂಕಣದಲ್ಲಿ ನಾನು ಸಾಮಾನ್ಯವಾಗಿ ಪಕ್ಕದ ಮನೆಯವರ ಸ್ಕೂಟರಿನ ಬಗ್ಗೆಯೋ, ತಿರುಗುವುದಕ್ಕಿಂತ ಹೆಚ್ಚು ಗೊಣಗುವ ನನ್ನ ಫ್ಯಾನಿನ ಬಗ್ಗೆಯೋ ಬರೆಯುವವನು. ಈ ವಾರ ನಗಿಸುವ ಉದ್ದೇಶ ಎಳ್ಳಷ್ಟೂ ಇಲ್ಲ. ಅಭ್ಯಾಸಬಲದಿಂದ ಓದುಗರಿಗೆ ನಗು ಬಂದರೆ ನಿಮ್ಮ ವಾರ್ಡಿನ ಬೋರ್ಡು ಹೇಳುವಂತೆ ನಿಶ್ಶಬ್ದವಾಗಿ ನಗಬೇಕಾಗಿ ಕೋರುತ್ತೇನೆ.

ಮೊದಲು ನನ್ನ ಭಾವನ ಪರಿಚಯ. ನಿವೃತ್ತ ಟ್ರಾಫಿಕ್ ಪೊಲೀಸ್. ಜೀವಮಾನವಿಡೀ ವೃತ್ತದ ನಡುವೆ ನಿಂತು ಒಬ್ಬರನ್ನು ತಡೆದು ಇನ್ನೊಬ್ಬರಿಗೆ ದಾರಿ ಬಿಟ್ಟವರು. ನಿವೃತ್ತಿಯಾದ ಮೇಲೂ ಆ ಕೈ ಸುಮ್ಮನಿರಲಿಲ್ಲ. ಅಂಗಡಿಯ ಮುಂದೆ ನಿಂತರೆ ಹಿಂದಿನವರಿಗೆ "ನೀವು ಮೊದಲು" ಎನ್ನುವುದು, ಮದುವೆ ಊಟಕ್ಕೆ ಹೋದರೆ ಪಂಕ್ತಿಯಲ್ಲಿ ಎಲ್ಲರನ್ನೂ ಕೂರಿಸಿ ತಾವು ಕೊನೆಗೆ ನಿಲ್ಲುವುದು. ಅಕ್ಕ ಅವರ ಬೆನ್ನ ಹಿಂದೆ ಅವರನ್ನು "ಸಿಗ್ನಲ್ಲು" ಎಂದೇ ಕರೆಯುತ್ತಿದ್ದಳು. "ನಮ್ಮ ಸಿಗ್ನಲ್ಲು ಇನ್ನೂ ಹಸಿರಾಗಿಲ್ಲ ಕಣೋ, ನೀನು ಊಟ ಮಾಡು" ಎಂದು ಎಷ್ಟು ಸಲ ನನಗೆ ಬಡಿಸಿದ್ದಾಳೋ! ಭಾವನಿಗೆ ಇನ್ನೊಂದು ಗುಣವಿದೆ. ಯೂನಿಫಾರ್ಮ್ ಹಾಕಿದವರು ಹೇಳಿದ್ದನ್ನು ಪ್ರಶ್ನಿಸಬಾರದು ಎಂದು ಅವರು ನಂಬಿದ್ದಾರೆ. ಅವರು ಯೂನಿಫಾರ್ಮ್ ಹಾಕಿ ಹೇಳಿದ್ದನ್ನು ಯಾವ ಆಟೋದವನೂ ಕೇಳುತ್ತಿರಲಿಲ್ಲ ಎಂಬುದು ಬೇರೆ ಮಾತು.

ಅಕ್ಕ ನಿಮ್ಮಲ್ಲಿ ಸೇರಿದ್ದು ಉಸಿರಾಟದ ತೊಂದರೆಗೆ. ಕಿಟಕಿಯ ಪಕ್ಕದ ಹಾಸಿಗೆ ಸಿಕ್ಕಿತ್ತು. ತಲೆಯ ಮೇಲಿನ ಯಂತ್ರದಲ್ಲಿ ಗೆರೆ ಏರುವುದನ್ನೂ ಇಳಿಯುವುದನ್ನೂ ನೋಡಿ, "ಇದೆಂಥ ಟೀವಿನೋ, ಒಂದೇ ಸೀರಿಯಲ್ಲು, ಕಥೆ ಮುಂದಕ್ಕೇ ಹೋಗಲ್ಲ" ಎನ್ನುತ್ತಿದ್ದಳು. ಅಷ್ಟೂ ದಿನ ನಿಮ್ಮ ವಾರ್ಡಿನಲ್ಲಿ ಅವಳ ಚಾಕರಿ ಮಾಡಿದ್ದು ಯಾರೆಂದುಕೊಂಡಿರಿ? ಮಗ್ಗುಲು ಬದಲಿಸಿದ್ದು, ಬಾಯಿಗೆ ಗಂಜಿ ಹಾಕಿದ್ದು, ಬೆಡ್‌ಪ್ಯಾನ್ ಇಟ್ಟದ್ದು ತೆಗೆದದ್ದು, ಗ್ಲೂಕೋಸ್ ಬಾಟಲಿ ಮುಗಿಯುತ್ತಿದೆ ಎಂದು ಓಡಿ ಹೋಗಿ ಹೇಳಿದ್ದು, ಎಲ್ಲ ಭಾವನೇ. ಅವರು ಶೌಚಾಲಯಕ್ಕೆ ಹೋದರೂ ನಿಮ್ಮವರ ಕೂಗು ವಾರ್ಡು ದಾಟಿ ಬರುತ್ತಿತ್ತು. "ಕಿಟಕಿ ಬೆಡ್ಡಿನ ಕಡೆಯವರು ಯಾರ್ರೀ? ಎಲ್ಲಿ ಹಾಳಾಗಿ ಹೋದ್ರು? ಪೇಷೆಂಟನ್ನ ಬಿಟ್ಟು ಕದಲಬೇಡಿ ಅಂತ ಹೇಳಿಲ್ವಾ?"

ಕದಲಬೇಡಿ. ಮಾನ್ಯರೇ, ಈ ಶಬ್ದವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ರೋಗಿಯ ಹೃದಯ ನಡೆಯುವವರೆಗೆ ಮನೆಯವರು ನಿಮ್ಮ ಸಂಬಳವಿಲ್ಲದ ಸಿಬ್ಬಂದಿ. ಅದು ನಿಂತ ಮರುಕ್ಷಣ ಅವರು ಅಡ್ಡ ಬಂದ ದನ.

ಆ ಮಧ್ಯಾಹ್ನ ಅಕ್ಕ ಭಾವನ ಅಂಗಿಯ ತೋಳು ಹಿಡಿದುಕೊಂಡು, ಗುಂಡಿ ತಪ್ಪಾಗಿ ಹಾಕಿಕೊಂಡಿದ್ದಕ್ಕೆ ಬೈಯುತ್ತಿದ್ದಳಂತೆ. ಬೈಗುಳ ಅರ್ಧಕ್ಕೆ ನಿಂತಿತು. ಯಂತ್ರ ಕಿರುಚಿತು. ದೊಡ್ಡ ಗಂಟಲಿನ ಕಾರಣಕ್ಕೆ ವಾರ್ಡಿನಲ್ಲಿ ಎಲ್ಲರೂ 'ಗಂಟಲಿನ ಸಿಸ್ಟರ್' ಎಂದು ಕರೆಯುವ ನಿಮ್ಮ ಹಿರಿಯ ನರ್ಸ್ ಓಡಿ ಬಂದರು. ಓಡಿ ಬಂದದ್ದಕ್ಕೆ ನನ್ನ ನಮಸ್ಕಾರ, ಅದರಲ್ಲಿ ವ್ಯಂಗ್ಯವಿಲ್ಲ. ಅಂಗಿಯ ತೋಳಿನಿಂದ ಅಕ್ಕನ ಬೆರಳು ಬಿಡಿಸಿ, ಕಿಟಕಿಯ ಮೇಲಿದ್ದ ಫ್ಲಾಸ್ಕನ್ನು ಭಾವನ ಕೈಗೆ ತುರುಕಿ, "ಸಾರ್, ಓಡಿ! ಫ್ಲಾಸ್ಕ್ ತುಂಬ ಬಿಸಿನೀರು ತನ್ನಿ, ಅರ್ಜೆಂಟ್!" ಎಂದರು. ಭಾವ ಓಡಿದರು.

ನಾನು ಹಣ್ಣಿನ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಅವರು ಇಳಿಯುತ್ತಿದ್ದರು.

"ಎಲ್ಲಿಗೆ ಭಾವ, ಹೀಗೆ?"

"ನಿಮ್ಮಕ್ಕನಿಗೆ ಬಿಸಿನೀರು ಬೇಕಂತೆ. ಅರ್ಜೆಂಟು."

"ಕೊಡಿ ಇಲ್ಲಿ, ನಾನು ತರ್ತೀನಿ. ನಿಮ್ಮ ಮಂಡಿ..."

"ಬೇಡ ಬೇಡ, ನನಗೇ ಹೇಳಿದ್ದಾರೆ."

ನಾನು ಮೇಲೆ ಹೋದೆ. ವಾರ್ಡಿನ ಬಾಗಿಲು ಹಾಕಿತ್ತು. ಬಾಗಿಲಿಗೆ ದುಂಡನೆಯ ಗಾಜೊಂದಿದೆ. ಅದಕ್ಕೆ ನಿಮ್ಮವರು ಒಳಗಿನಿಂದ ಹಳೆಯ ಪತ್ರಿಕೆ ಅಂಟಿಸಿದ್ದಾರೆ. ಒಳಗೆ ಯಾರೋ ಒಂದು, ಎರಡು ಎಂದು ಎಣಿಸುತ್ತಿದ್ದರು, ಯಾರೋ ಏದುಸಿರು ಬಿಡುತ್ತಿದ್ದರು, ಮಂಚ ಕಿರುಗುಟ್ಟುತ್ತಿತ್ತು. ನಾನು ಬಾಗಿಲು ತಟ್ಟಿದರೆ ಕಾವಲುಗಾರ ನನ್ನ ಭುಜ ತಟ್ಟಿದ. "ಸಾರ್, ಒಳಗೆ ಕೆಲಸ ನಡೀತಿದೆ." ರಸ್ತೆ ಅಗೆಯುವ ಕಡೆ ಇಡುವ ಬೋರ್ಡಿನ ಮಾತು ಅದು.

ಬಾಗಿಲು ತೆರೆದಾಗ ಮೊದಲು ಹೊರಬಂದದ್ದು ಬಿಳಿಕೋಟಿನ ವಿದ್ಯಾರ್ಥಿಗಳ ಹಿಂಡು. ಒಬ್ಬನ ಕತ್ತಿನಲ್ಲಿ ಇಯರ್‌ಫೋನ್ ನೇತಾಡುತ್ತಿತ್ತು. ಒಬ್ಬಳು ಗೆಳತಿಗೆ, "ನಾನು ಇದೇ ಫಸ್ಟು ನೋಡಿದ್ದು ಕಣೇ" ಎನ್ನುತ್ತಿದ್ದಳು. ನನ್ನ ಅಕ್ಕನ ಕೊನೆಯ ಗಳಿಗೆಯನ್ನು ಅವಳು ನೋಡಿದಳು. ಅಕ್ಕನ ಹೆಸರು ಕೇಳಿದರೆ 'ಕಿಟಕಿ ಬೆಡ್' ಎಂದಾಳು. ಒಳಗೆ ಜಾಗವಿಲ್ಲ ಎಂದು ಆಮೇಲೆ ನೀವು ನನಗೆ ವಿವರಿಸಿದಿರಿ. ಒಪ್ಪಿದೆ. ಇಡೀ ತರಗತಿಗೆ ಜಾಗವಿತ್ತು, ಒಬ್ಬ ಗಂಡನಿಗೆ ಇರಲಿಲ್ಲ. ವಾಸ್ತುಶಿಲ್ಪದ ಇಂಥ ಚಮತ್ಕಾರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಮೇಲೆ ಭಾವ ಬಂದರು. ನೀರು ಆರದಿರಲಿ ಎಂದು ಫ್ಲಾಸ್ಕಿಗೆ ತಮ್ಮ ಕರವಸ್ತ್ರವನ್ನೂ ಸುತ್ತಿಕೊಂಡು, ಮಗುವನ್ನು ಹಿಡಿದಂತೆ ಎದೆಗೆ ಅವಚಿಕೊಂಡು. ಗಂಟಲಿನ ಸಿಸ್ಟರಿಗೆ ಎರಡೂ ಕೈಯಲ್ಲಿ ಕೊಟ್ಟರು. ಅವರು ಅದನ್ನು ತೆಗೆದುಕೊಂಡು ಕಿಟಕಿಯ ಮೇಲೆ, ಮೊದಲಿದ್ದ ಜಾಗದಲ್ಲೇ, ಇಟ್ಟರು. ಮುಚ್ಚಳ ಕೂಡ ತೆರೆಯಲಿಲ್ಲ. ಭಾವ ಹಾಸಿಗೆಯನ್ನು ನೋಡಲಿಲ್ಲ. ಫ್ಲಾಸ್ಕನ್ನೇ ನೋಡುತ್ತಾ ನಿಂತರು.

ಇಷ್ಟೇ ಆಗಿದ್ದರೆ ನಾನು ನಿಮಗೆ ಬರೆಯುತ್ತಿರಲಿಲ್ಲ. ಸಾವು ನಿಮ್ಮ ತಪ್ಪೆಂದು ನಾನು ಹೇಳುತ್ತಿಲ್ಲ. ಅಕ್ಕನ ಎದೆ ಸೋತಿತ್ತು. ನಿಮ್ಮವರು ಕೈ ಸೋಲುವವರೆಗೂ ಅವಳ ಎದೆ ಒತ್ತಿದ್ದಾರೆ, ಅದನ್ನು ಬಾಗಿಲ ಹೊರಗಿನಿಂದ ಕೇಳಿಸಿಕೊಂಡವನು ನಾನೇ. ಬರೆಯುತ್ತಿರುವುದು ಆಮೇಲೆ ಭಾವ ಹೇಳಿದ ಒಂದು ಮಾತಿಗಾಗಿ. ಒಂದು ದಿನ ಅವರ ಮನೆಯ ಜಗಲಿಯಲ್ಲಿ ಕೂತಿದ್ದಾಗ, ನನ್ನ ಮುಖ ನೋಡದೆ ಹೇಳಿದರು:

"ಆ ಹೆಂಗಸಿಗೆ ದಾರಿ ಬಿಡಬಾರದಿತ್ತು ಕಣೋ."

"ಯಾವ ಹೆಂಗಸು ಭಾವ?"

"ಕ್ಯಾಂಟೀನಲ್ಲಿ, ಬಿಸಿನೀರಿನ ನಲ್ಲಿ ಹತ್ರ. ನನ್ನ ಸರದಿ ಬಂದಿತ್ತು. ಹಿಂದೆ ಕೂಸು ಎತ್ಕೊಂಡು ನಿಂತಿದ್ಲು, ಹಾಲಿನ ಬಾಟ್ಲಿ ತೊಳೀಬೇಕಂತೆ, ಕೂಸು ಅಳ್ತಿತ್ತು. ನೀನು ಮೊದಲು ಹೋಗಮ್ಮ ಅಂದೆ. ಅಷ್ಟು ಹೊತ್ತಿಗೆ ನೀರು ಖಾಲಿ. ಮತ್ತೆ ಕಾಯೋವರೆಗೆ ನಿಂತೆ. ಅಷ್ಟರಲ್ಲಿ ಇಲ್ಲಿ... ನೀರು ಸಿಗದೆ ಅವರು ತಾನೇ ಏನು ಮಾಡ್ತಾರೆ?"

ಮಾನ್ಯರೇ, ಅರ್ಥವಾಯಿತೇ? ನನ್ನ ಭಾವ ತಾನೇ ಹೆಂಡತಿಯನ್ನು ಕೊಂದೆ ಎಂದುಕೊಂಡಿದ್ದಾರೆ. ಬಿಸಿನೀರು ತಡ ಮಾಡಿ.

ನಿಂತ ಹೃದಯಕ್ಕೆ ಬಿಸಿನೀರಿನಿಂದ ಏನೂ ಆಗಬೇಕಿಲ್ಲ, ಅದು ಅವರನ್ನು ಹೊರಗೆ ಸಾಗಹಾಕಲು ಹೇಳಿದ ನೆಪ ಎಂದು ನಾನು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. "ನೀನು ತಮಾಷೆ ಬರೆಯೋನು. ಇದರಲ್ಲೂ ತಮಾಷೆ ಮಾಡಬೇಡ" ಎಂದರು. ವರ್ಷಗಟ್ಟಲೆ ಊರನ್ನು ನಗಿಸಿದ್ದಕ್ಕೆ ನನಗೆ ಸಿಕ್ಕ ಬಿರುದು ಇದು.

ಸರಿ, ಸಾಕ್ಷಿ ಹುಡುಕಿ ಹೊರಟೆ. ನಿಮ್ಮ ಆಸ್ಪತ್ರೆಯ ಗೇಟಿನೆದುರು ಟೀ ಅಂಗಡಿಯಲ್ಲಿ ನಿಮ್ಮದೇ ವಾರ್ಡಿನ ಒಬ್ಬ ಚಿಕ್ಕ ನರ್ಸ್ ಸಿಕ್ಕಳು. ಅವಳನ್ನು ಪತ್ತೆ ಮಾಡಲು ಈಗಲೇ ಎದ್ದು ನಿಲ್ಲಬೇಡಿ. ಅವಳ ಎತ್ತರ, ಕನ್ನಡಕ, ಟೀಗೆ ಹಾಕುವ ಸಕ್ಕರೆ ಎಲ್ಲವನ್ನೂ ನಾನು ಬದಲಿಸಿದ್ದೇನೆ. ಬೇಕಾದರೆ ಅವಳು ಗಂಡಸು ಎಂದೇ ತಿಳಿಯಿರಿ.

"ನಾವು ಹಾಗೇ ಕಳಿಸೋದು ಸಾರ್" ಎಂದಳು. "ಬಿಸಿನೀರು, ಇಲ್ಲಾಂದ್ರೆ ಹೊಸ ಬೆಡ್‌ಶೀಟು. ಹೊರಗೆ ಹೋಗಿ ಅಂದ್ರೆ ಯಾರೂ ಹೋಗಲ್ಲ. ಏನಾದ್ರೂ ತನ್ನಿ ಅಂದ್ರೆ ಓಡಿ ಹೋಗ್ತಾರೆ. ಕಾಲೇಜಲ್ಲಿ ಕಲಿಸಿದ್ದಲ್ಲ, ದೊಡ್ಡವರನ್ನ ನೋಡಿ ಕಲಿತದ್ದು."

"ಹಾಗೆ ತಂದ ನೀರನ್ನ ಏನು ಮಾಡ್ತೀರಿ?"

ಲೋಟ ಕೆಳಗಿಟ್ಟಳು. "ಟೀಗೆ ಬಳಸ್ತೀವಿ ಸಾರ್."

ಮಾನ್ಯರೇ, ನನಗೆ ಆ ಹುಡುಗಿಯ ಮೇಲೆ ಸಿಟ್ಟು ಬರಲಿಲ್ಲ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಯಾಕಮ್ಮ ನಿಮಗೆ ನಮ್ಮನ್ನು ಕಂಡರೆ ಇಷ್ಟು ಭಯ ಎಂದು ಕೇಳಿದೆ. ಒಂದೊಂದೇ ಹೇಳುತ್ತಾ ಹೋದಳು. "ನೀವು ಕಿರುಚ್ತೀರಿ. ತಲೆ ತಿರುಗಿ ಬೀಳ್ತೀರಿ, ಆಗ ನಿಮ್ಮನ್ನ ನೋಡೋದಾ ಪೇಷೆಂಟನ್ನ ನೋಡೋದಾ? ಎದೆ ಒತ್ತುವಾಗ ಪಕ್ಕೆಲುಬು ಮುರಿಯುತ್ತೆ, ಶಬ್ದ ಬರುತ್ತೆ, ಕೊಲ್ತಿದ್ದಾರೆ ಅಂತ ಅಂದ್ಕೋತೀರಿ. ಫೋನಲ್ಲಿ ವೀಡಿಯೋ ಮಾಡ್ತೀರಿ. ನಮ್ಮ ಜೊತೆಯವಳಿಗೆ ಒಬ್ಬರು ಕಪಾಳಕ್ಕೆ ಹೊಡೆದಿದ್ದಾರೆ ಸಾರ್. ನಮ್ಮ ಕೈ ನಡುಗೋದನ್ನ ನೀವು ನೋಡ್ತೀರಲ್ಲ, ಅದೇ ದೊಡ್ಡ ಭಯ."

ಕಪಾಳಕ್ಕೆ ಹೊಡೆದವನನ್ನು ಜೈಲಿಗೆ ಹಾಕಿಸಿ, ಅಲ್ಲಿಯವರೆಗೆ ನಾನೇ ಜೊತೆಗೆ ಬರುತ್ತೇನೆ. ಆ ಹುಡುಗಿಯ ಭಯ ನಿಜ. ಆದರೆ ಆ ಭಯಕ್ಕೆ ನೀವು, ಅಧಿಕಾರದಲ್ಲಿ ಕೂತವರು, ಏನು ಪರಿಹಾರ ಕಂಡುಹಿಡಿದಿದ್ದೀರಿ? ಬಿಸಿನೀರು! ಸಿಬ್ಬಂದಿಗೆ ರಕ್ಷಣೆ ಕೊಡಲಿಲ್ಲ, ಇನ್ನೊಂದು ಜೊತೆ ಕೈ ಕೊಡಲಿಲ್ಲ, ಮನೆಯವರ ಪಕ್ಕ ನಿಂತು "ಈಗ ಇದು ಆಗುತ್ತಿದೆ, ಶಬ್ದ ಬಂದರೆ ಹೆದರಬೇಡಿ" ಎಂದು ಹೇಳಲು ಒಬ್ಬರನ್ನು ನೇಮಿಸಲಿಲ್ಲ. ಗಾಜಿಗೆ ಪತ್ರಿಕೆ ಅಂಟಿಸಿದಿರಿ. ನಾನು ಬರೆಯುವ ಪತ್ರಿಕೆಯೇ ಇರಬೇಕು. ಅಕ್ಕ ಸಾಯುವುದು ನನಗೆ ಕಾಣದಂತೆ ನನ್ನ ಅಂಕಣವೇ ಅಡ್ಡ ನಿಂತಿತ್ತೋ ಏನೋ!

ನಮಗೆ ನೋಡಿ ತಾಳಲಾಗುವುದಿಲ್ಲ ಎಂದು ನಿಮ್ಮವರ ನಂಬಿಕೆ. ನಮ್ಮ ಮೇಲೆ ನಿಮಗೆ ಎಂಥ ಅಂತಃಕರಣ! ಭಾವ ರಸ್ತೆಯ ಮೇಲೆ ಲಾರಿಯಡಿ ಸಿಕ್ಕವರನ್ನು ಬಾಚಿ ಎತ್ತಿ ನಿಮ್ಮದೇ ಆಂಬುಲೆನ್ಸಿಗೆ ಹಾಕಿದ ಮನುಷ್ಯ. ಆ ಆಂಬುಲೆನ್ಸಿಗೆ ದಾರಿ ಬಿಡಿಸಿ ಕೊಟ್ಟ ಮನುಷ್ಯ. ಆಗ ಅವರಿಗೆ ತಲೆ ತಿರುಗುತ್ತದೆ ಎಂದು ಯಾರೂ ಚಿಂತಿಸಲಿಲ್ಲ. ತಾಳಲಾಗುತ್ತದೋ ಇಲ್ಲವೋ ಎಂದು ಅವರನ್ನೇ ಒಂದು ಮಾತು ಕೇಳಬಹುದಿತ್ತಲ್ಲ? "ಒಳಗಿರ್ತೀರಾ, ಹೊರಗಿರ್ತೀರಾ?" ಇಷ್ಟು ಕೇಳಲು "ಬಿಸಿನೀರು ತನ್ನಿ" ಎನ್ನುವುದಕ್ಕಿಂತ ಎಷ್ಟು ಹೆಚ್ಚು ಉಸಿರು ಬೇಕು? ಹೊರಗಿರುತ್ತೇನೆ ಎನ್ನುವವರು ಬೇಕಾದಷ್ಟು ಜನ ಇದ್ದಾರೆ. ನನ್ನನ್ನು ಕೇಳಿದ್ದರೆ ನಾನೂ ಹಾಗೇ ಎನ್ನುತ್ತಿದ್ದೆನೇನೋ. ಆದರೆ ಭಾವ ಒಳಗಿರುತ್ತಿದ್ದರು. ಗೋಡೆಗೆ ಒತ್ತಿಕೊಂಡು, ಅಟೆನ್ಷನ್ನಿನಲ್ಲಿ, ಯಾರಿಗೂ ಅಡ್ಡ ಬಾರದೆ ನಿಲ್ಲುತ್ತಿದ್ದರು. ಅಡ್ಡ ಬಾರದೆ ನಿಲ್ಲುವುದರಲ್ಲಿ ಈ ಊರಿನಲ್ಲಿ ಅವರಷ್ಟು ಅನುಭವ ಯಾರಿಗಿದೆ? ನಿಮ್ಮವರ ಕೈ ನಡುಗುವುದನ್ನು ನೋಡುತ್ತಿದ್ದರು, ನಿಜ. ನಡುಗುತ್ತಿದ್ದರೂ ಆ ಕೈ ಬಿಡದೆ ಒತ್ತುವುದನ್ನೂ ನೋಡುತ್ತಿದ್ದರು. ನಿಮ್ಮ ಇಡೀ ಆಸ್ಪತ್ರೆಗೆ ಅದಕ್ಕಿಂತ ದೊಡ್ಡ ಸಾಕ್ಷಿ ಸಿಗುತ್ತಿತ್ತೇ?

ಇರಲಿ. ಆ ಹುಡುಗಿಯ ಮಾತನ್ನು ಭಾವನಿಗೆ ಹೇಳಿದೆ. ಅವರೊಳಗಿನ ಪೊಲೀಸ್ ಎಚ್ಚರಗೊಂಡ.

"ಯಾರು ಹೇಳಿದ್ದು? ಹೆಸರೇನು?"

"ಹೆಸರು ಹೇಳೋ ಹಾಗಿಲ್ಲ ಭಾವ, ಪಾಪ ಅವಳ ಕೆಲಸ ಹೋಗುತ್ತೆ."

"ಹೆಸರಿಲ್ಲದ ಸಾಕ್ಷಿ ನಡೆಯಲ್ಲ."

ಹಾಗಾಗಿ ಅವರನ್ನು ಕರೆದುಕೊಂಡು ನಿಮ್ಮಲ್ಲಿಗೇ ಬಂದೆ. ನಿಮಗೆ ನೆನಪಿರಬಹುದು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕುರ್ಚಿಯ ತುದಿಯಲ್ಲಿ ಕೂತ ಮುದುಕ. ನಿಮ್ಮ ಎದೆಯ ಮೇಲಿನ ಬ್ಯಾಡ್ಜನ್ನು ನೋಡಿ ಒಮ್ಮೆ ಎದ್ದು ನಿಂತು ಮತ್ತೆ ಕೂತರು. ನಾನು ವಿಷಯ ಹೇಳಿದೆ. ದೂರು ಕೊಡಲು ಬಂದಿಲ್ಲ, ಇವರಿಗೊಂದು ಸತ್ಯ ಹೇಳಿಬಿಡಿ ಸಾಕು ಎಂದು ಬೇಡಿಕೊಂಡೆ. 'ದೂರು' ಎಂಬ ಶಬ್ದ ಮಾತ್ರ ನಿಮ್ಮ ಕಿವಿಗೆ ಬಿದ್ದಿರಬೇಕು. ಬೆನ್ನು ನೆಟ್ಟಗೆ ಮಾಡಿಕೊಂಡಿರಿ.

"ನೋಡಿ, ನಮ್ಮ ಸಿಸ್ಟರ್‌ಗಳ ಮೇಲೆ ಹೀಗೆಲ್ಲ ಆರೋಪ ಮಾಡಬೇಡಿ. ಸುಳ್ಳು ಹೇಳಿ ಯಾರನ್ನೂ ಹೊರಗೆ ಕಳಿಸೋ ಪದ್ಧತಿ ನಮ್ಮಲ್ಲಿಲ್ಲ."

"ಹಾಗಾದ್ರೆ ಬಿಸಿನೀರು?"

"ಬೇಕಾಗಿರುತ್ತೆ. ಅದಕ್ಕೇ ತರಿಸಿದ್ದಾರೆ."

ಆಗ ಭಾವ ಬಾಯಿ ಬಿಟ್ಟರು. "ಬೇಕಿತ್ತಾ ಮೇಡಂ?"

"ಬೇಕಿಲ್ಲದೆ ತರಿಸ್ತಾರಾ? ನಮ್ಮಲ್ಲಿ ಸುಮ್ಮಸುಮ್ಮನೆ ಏನನ್ನೂ ತರಿಸಲ್ಲ."

ಭಾವ ಎದ್ದು ನಿಂತರು. "ಥ್ಯಾಂಕ್ಸ್ ಮೇಡಂ" ಎಂದರು. ಮೆಟ್ಟಿಲಿಳಿಯುವಾಗ ನನ್ನ ಕಡೆ ತಿರುಗಿ, "ಕೇಳಿದ್ಯಾ?" ಎಂದರು. ಅಷ್ಟೇ.

ಒಬ್ಬ ನರ್ಸಿನ ಮೇಲೆ ಒಂದು ಸಣ್ಣ ಸುಳ್ಳಿನ ಆರೋಪ ಬಾರದಿರಲಿ ಎಂದು ನೀವು ಒಬ್ಬ ಗಂಡನ ಮೇಲೆ ಕೊಲೆಯ ಆರೋಪ ಖಾಯಂ ಮಾಡಿ ಕಳಿಸಿದಿರಿ, ಮಾನ್ಯರೇ. ಅದೂ ನಗುಮುಖದಿಂದ, ಫ್ಯಾನಿನ ಕೆಳಗೆ ಕೂರಿಸಿ. ಸಿಬ್ಬಂದಿಯನ್ನು ಬಿಟ್ಟುಕೊಡದ ನಿಮ್ಮ ನಿಷ್ಠೆ ದೊಡ್ಡದು. ಆ ನಿಷ್ಠೆಗೆ ಏನು ಖರ್ಚಾಯಿತು ಎಂದು ನೋಡಬೇಕಾದರೆ ಭಾವನ ಮನೆಗೆ ಬರಬೇಕು.

ಬನ್ನಿ. ಅಡುಗೆಮನೆಯ ಕಟ್ಟೆಯ ಮೇಲೆ ಆ ಫ್ಲಾಸ್ಕ್ ಇದೆ. ಅದರ ತುಂಬ ಬಿಸಿನೀರು ಇದೆ. ಆರುತ್ತಾ ಬಂದ ಹಾಗೆ ಚೆಲ್ಲಿ, ಹೊಸದಾಗಿ ಕಾಯಿಸಿ ತುಂಬುತ್ತಾರೆ. ಯಾರಿಗೆ ಎಂದು ಕೇಳಿದರೆ, "ಇರಲಿ, ಯಾರಾದ್ರೂ ಕೇಳಿದ್ರೆ?" ಎನ್ನುತ್ತಾರೆ. ಅವರ ದೊಡ್ಡ ಮಗಳು ಒಂದು ಸಲ ಅದನ್ನು ಅಟ್ಟಕ್ಕೆ ಹಾಕಿದಳು. ಏಣಿ ಹತ್ತಿ ಇಳಿಸಿಕೊಂಡರು, ಆ ಮಂಡಿಯಲ್ಲಿ. ಇನ್ನೊಂದು ವಿಷಯ. ಅವರು ಈಗ ಯಾರಿಗೂ ದಾರಿ ಬಿಡುವುದಿಲ್ಲ. ಮೊನ್ನೆ ಹಾಲಿನ ಬೂತಿನ ಮುಂದೆ ಒಬ್ಬ ತುಂಬು ಬಸುರಿ, "ಅಜ್ಜ, ನಾನು ಮೊದಲು ತಗೊಳ್ಳಲಾ?" ಎಂದಳು. ಭಾವ ಗರಬಡಿದವರಂತೆ ಅವಳನ್ನೇ ನೋಡಿದರು. ಹಾಲನ್ನೂ ತೆಗೆದುಕೊಳ್ಳದೆ ತಿರುಗಿ ಮನೆಗೆ ಬಂದುಬಿಟ್ಟರು. ನಮ್ಮ ಸಿಗ್ನಲ್ಲು ಕೆಟ್ಟು ನಿಂತಿದೆ. ಬೈದು ಸರಿಮಾಡುತ್ತಿದ್ದವಳು ಇಲ್ಲ.

ಆದ್ದರಿಂದ ನನ್ನ ಬೇಡಿಕೆ. ವಾರ್ಡಿನ ನಿಯಮ ಬದಲಿಸಿ, ಹೃದಯ ನಿಂತವರ ಮನೆಯವರನ್ನು ಒಳಗಿರುತ್ತೀರಾ ಎಂದು ಕೇಳಿ, ಇರುತ್ತೇನೆ ಎಂದವರ ಪಕ್ಕ ಒಬ್ಬ ನರ್ಸನ್ನು ನಿಲ್ಲಿಸಿ, ಗಾಜಿನ ಮೇಲಿನ ಪತ್ರಿಕೆ ಕಿತ್ತುಹಾಕಿ. ಇದನ್ನೆಲ್ಲ ನೀವು ಮಾಡಲೇಬೇಕು. ಆದರೆ ಅದಕ್ಕೆ ಸಮಿತಿ ಕೂರಬೇಕು, ಸಮಿತಿಗೆ ಬಿಸ್ಕತ್ತು ಬರಬೇಕು, ಎಲ್ಲವೂ ನನಗೆ ತಿಳಿದದ್ದೇ. ಅಲ್ಲಿಯವರೆಗೆ ಕಾಯಲಾಗದ ಕೆಲಸ ಒಂದಿದೆ. ನೀವೋ, ಗಂಟಲಿನ ಸಿಸ್ಟರೋ, ಯಾರಾದರೊಬ್ಬರು ಭಾವನ ಮನೆಗೆ ಬರಬೇಕು. ಸೀರೆ ಉಟ್ಟು ಬರಬೇಡಿ, ಯೂನಿಫಾರ್ಮಿನಲ್ಲಿ ಬನ್ನಿ. ಅವರು ಅದರ ಮಾತನ್ನು ಮಾತ್ರ ನಂಬುತ್ತಾರೆ. ಬಾಗಿಲಲ್ಲೇ ನಿಂತು ಹೇಳಿದರೂ ಸಾಕು: "ಸಾರ್, ಆ ನೀರು ನಮಗೆ ಬೇಕಿರಲಿಲ್ಲ. ನೀವು ತಡ ಮಾಡಲಿಲ್ಲ. ಆ ಕೂಸಿಗೆ ದಾರಿ ಬಿಟ್ಟದ್ದು ಒಳ್ಳೆಯದೇ ಆಯಿತು."

ಇಷ್ಟು ಹೇಳಿದರೆ ನಿಮ್ಮ ಆಸ್ಪತ್ರೆ ಕುಸಿದು ಬೀಳುವುದಿಲ್ಲ. ಬಿದ್ದರೆ ನಾನು ಬರೆದುಕೊಡುತ್ತೇನೆ, ತಪ್ಪು ಕಟ್ಟಡದ್ದು ಎಂದು.

ಬಂದವರನ್ನು ಭಾವ ಹಾಗೇ ಕಳಿಸುವವರಲ್ಲ. ಒಳಗೆ ಕೂರಿಸಿ, ಬಾಯಾರಿಕೆಗೆ ಏನು ಕೊಡಲಿ ಎಂದು ಕೇಳುತ್ತಾರೆ. ನಾಚಿಕೆ ಪಡದೆ ಬಿಸಿನೀರು ಕೇಳಿ. ಫ್ಲಾಸ್ಕಿನ ಮುಚ್ಚಳ ಅವರೆದುರಿಗೇ ತೆರೆದು, ಕೊನೆಯ ಗುಟುಕಿನವರೆಗೂ ಕುಡಿಯಿರಿ. ಖಾಲಿ ಫ್ಲಾಸ್ಕನ್ನು ಅವರ ಕೈಗೆ ವಾಪಸ್ ಕೊಟ್ಟು, ಇನ್ನು ತುಂಬುವುದು ಬೇಡ ಎಂದು ಹೇಳಿ ಹೊರಡಿ.

ಇಂತಿ,
ಊರು ನಂಬಿ ನಕ್ಕರೂ ಮನೆಯವರು ನಂಬದ ಅಂಕಣಕಾರ,
ಕಿಟಕಿ ಬೆಡ್ಡಿನವಳ ತಮ್ಮ